ಇನ್ನೆರಡು ಸಾವಿರ

ನಲವತ್ತು ಸಾವಿರ. ಚೀಟಿ ಎತ್ತಿದ ದುಡ್ಡು.
ಲಕೋಟೆಯ ಮೇಲೆ ನಾನೇ ಬರೆದುಕೊಂಡಿದ್ದೆ:
ಹೆಲ್ಮೆಟ್ಟೂ ಇದರೊಳಗೇ.

ನಾನಾ ಪೇಠೆಯ ತಾಹೇರ್‌ಭಾಯಿಯ ಅಂಗಡಿಯಲ್ಲಿ
ಸೈಕಲ್ಲುಗಳು ಕೊಕ್ಕೆಗೆ ಮುಂಗಾಲು ಸಿಕ್ಕಿಸಿಕೊಂಡು ತೂಗುತ್ತವೆ,
ಕಟುಕನ ಅಂಗಡಿಯ ಹಾಗೆ ಅನ್ನಬಾರದು,
ಆದರೆ ಹಾಗೇ.

ಮೊದಲನೆಯದು ಮೂವತ್ತೊಂದಕ್ಕೆ. ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗು.
ಇನ್ನೆರಡು ಸಾವಿರ ಹಾಕಿದರೆ ಲಾಕ್ ಬರುತ್ತೆ, ಅಂದರು ಭಾಯಿ.
ಲಾಕ್ ಬಂದಮೇಲೆ ಇನ್ನೆರಡು, ಎಣ್ಣೆಯ ಬ್ರೇಕು.
ಎಣ್ಣೆ ಬಂದಮೇಲೆ ಇನ್ನೆರಡು,
ಹಿಂದೆ ಹತ್ತು ಹಲ್ಲುಚಕ್ರ, ಮುಂದೆ ಒಂದೇ.
ಹೀಗೆ ಎರಡೆರಡೇ ಮೆಟ್ಟಿಲು ಹತ್ತಿಸಿ
ಎಪ್ಪತ್ತೆಂಟರ ಮಾಳಿಗೆಯಲ್ಲಿ ನಿಲ್ಲಿಸಿ
ಗಾಳಿಯ ಫೋರ್ಕು ತೋರಿಸಿದರು.
ಒತ್ತಿದೆ. ಹುಸ್ಸೆಂದು ಕೂತು ಸದ್ದಿಲ್ಲದೆ ಎದ್ದಿತು,
ದೊಡ್ಡವರ ಮನೆಯ ಸೋಫಾ.
ಅಲ್ಲಿಂದ ಇಳಿಯಲು ಮೆಟ್ಟಿಲು ಕಾಣಲಿಲ್ಲ.

ಇಳಿಸಿದವನು ನಿವೃತ್ತಿ.
ಹುಡುಗನ ಹೆಸರೇ ಅದು. ಇವರಲ್ಲಿ ಸಂತನ ಹೆಸರು.
ವಯಸ್ಸು ಹತ್ತೊಂಬತ್ತು, ಉಗುರುಸಂದಿಯಲ್ಲಿ ಗ್ರೀಸು.
ಇನ್ನೆರಡು ವರ್ಷಕ್ಕೆ ಆಸ್ಪತ್ರೆ ನನ್ನ ಕೈಗಿಡಲಿರುವ ಮಾತು
ಇಲ್ಲಿ ಸ್ಪ್ಯಾನರ್ ಹಿಡಿದು ನಿಂತು
"ಕಾಕೂ, ಎಲ್ಲಿ ಓಡಿಸ್ತೀರಿ?" ಅಂತ ಕೇಳಿತು.

"ವೇತಾಳ ಟೇಕಡಿ. ಬೆಳಿಗ್ಗೆ, ಡ್ಯೂಟಿಗೆ ಮುಂಚೆ."
"ಎತ್ತರದಿಂದ ಹಾರ್ತೀರಾ?"
"ಹಾರಲ್ಲ."
"ಹಾಗಾದ್ರೆ ಗಾಳಿ ಯಾಕೆ? ಫ್ರೇಮ್ ನೋಡಿ.
ಬೇರೆಲ್ಲ ಸವೆಯುತ್ತೆ, ಬದಲಾಯಿಸಬಹುದು.
ಫ್ರೇಮು ಎಲುಬು."
ಮಾತೆಲ್ಲ ಮರಾಠಿಯಲ್ಲಿ.
ಕೂಡಿ ಕಳೆಯುವ ಲೆಕ್ಕ ಮಾತ್ರ ನನ್ನೊಳಗೆ
ಅಕ್ಕಲಕೋಟೆಯ ಕನ್ನಡದಲ್ಲಿ ನಡೆದಿತ್ತು.

ಗೋದಾಮಿನಿಂದ ಒಂದನ್ನು ಒರೆಸುತ್ತಾ ತಂದ.
ಹೋದ ವರ್ಷದ ಮಾಲು, ಮೂವತ್ತೇಳೂವರೆ.
ಬಣ್ಣ ಕೆಮ್ಮಿನ ಔಷಧದ್ದು. ಅದಕ್ಕೇ ಉಳಿದಿದೆ, ಅಂದ.
ಸ್ಪ್ರಿಂಗು ಸ್ಪ್ರಿಂಗೇ. ಪೆಡಲು ಪ್ಲಾಸ್ಟಿಕ್ಕು.
ಬ್ರೇಕು ಎಣ್ಣೆಯದು.

ತೋರುಬೆರಳಿಟ್ಟೆ.
ಮೂವತ್ತಮೂರು ವರ್ಷ ಬ್ಲಡ್ ಬ್ಯಾಂಕಿನಲ್ಲಿ
ದಪ್ಪ ತೋಳುಗಳ ಆಳದಲ್ಲಿ ಅಡಗಿದ ನಾಳಗಳನ್ನು
ಕಣ್ಣನ್ನು ನಂಬದೆ ಹುಡುಕಿದ ಬೆರಳು ಇದು.
ಲಿವರು ಮೊದಲು ಒಂದಿಷ್ಟು ಸಡಿಲ,
ಆಮೇಲೆ ಒಂದು ಅಂಚು,
ಅಂಚಿನಾಚೆ ತುಂಬಿದ ನಾಳದ ಪುಟಿತ.
"ಸಿಕ್ಕಿತು" ಅಂದೆ.
"ಏನು?" ಅಂದ ನಿವೃತ್ತಿ.

ಗಲ್ಲಿಯ ತುದಿಯವರೆಗೆ ಹೋಗಿ ಬಂದೆ.
ರಸ್ತೆಯುಬ್ಬನ್ನು ಮುಂದಿನ ಗಾಲಿ ನುಂಗಿಕೊಂಡಿತು.
ಹಿಂದಿನದು, ನಡೆದದ್ದನ್ನು ನಡೆದ ಹಾಗೇ,
ಬೆನ್ನುಮೂಳೆಯ ಕೊನೆಯ ಮಣಿಗೆ ಮುಟ್ಟಿಸಿತು.
ಹಾರ್ಡ್‌ಟೇಲ್ ಅಂದರೆ ಇಷ್ಟೇ.
ಬೀಗರು ಬಂದಾಗ ಪಡಸಾಲೆಯಲ್ಲಿ ಆಡುವ ಮಾತು ಮುಂದೆ,
ಅಡುಗೆಮನೆಯಲ್ಲಿ ಆಡುವ ಮಾತು ಹಿಂದೆ.
ಹುಟ್ಟಿದಾಗಿನಿಂದ ನಾನು ಅಡುಗೆಮನೆಯ ಕಡೆಯವಳು.

ಲಕೋಟೆ ಖಾಲಿ ಮಾಡಿದೆ.
ಭಾಯಿಯ ಮುಖದಲ್ಲಿ ಎಪ್ಪತ್ತೆಂಟರ ದುಃಖ ಇರಲಿಲ್ಲ, ಚಹಾ ತರಿಸಿದರು.
ಉಳಿದ ಎರಡೂವರೆಯಲ್ಲಿ ಹೆಲ್ಮೆಟ್ಟು, ಪಂಪು,
ಒಂದು ಡಜನ್ ಬಾಳೆಹಣ್ಣು. ಪೆಡಲು ಮುಂದಿನ ತಿಂಗಳು.
ಲಿಫ್ಟಿನಲ್ಲಿ ಅದು ಹಿಡಿಸಲಿಲ್ಲ.
ಅಳತೆಗಳನ್ನೆಲ್ಲ ಬರೆದುಕೊಂಡು ಹೋದವಳು
ಇದೊಂದನ್ನು ಅಳೆದಿರಲಿಲ್ಲ. ನಾಲ್ಕನೆಯ ಮಹಡಿ.

ಒಂಬತ್ತನೆಯ ದಿನ, ಕ್ವಾರಿಯ ಮೇಲಿನ ಏರಿನಲ್ಲಿ
ಟಕ್ ಅಂತ ಒಂದು ಸದ್ದು. ಮತ್ತೆ ಟಕ್.
ಅಲ್ಲೇ ನಿಂತು ಫೋನ್ ಮಾಡಿದೆ. ಪೊದೆಯೊಳಗೆ ನವಿಲು ಕಿರುಚುತ್ತಿತ್ತು.
ನಿದ್ದೆಗಣ್ಣಿನ ನಿವೃತ್ತಿ ಕೇಳಿದ:
"ಕೂತು ತುಳಿದಾಗಲೋ, ನಿಂತು ತುಳಿದಾಗಲೋ?
ಎಡಗಾಲಿಗೋ, ಬಲಗಾಲಿಗೋ?
ತುಳಿಯೋದು ನಿಲ್ಲಿಸಿದ್ರೂ ಬರುತ್ತಾ?"
ಕಾಟಿನ ಮೇಲೆ ಮಲಗಿದವರಿಗೆ
ತಲೆಸುತ್ತು ಶುರುವಾದದ್ದು ಯಾವಾಗ ಅಂತ
ನಾನು ಕೇಳುವ ಧಾಟಿ ಅದೇ.
"ಗೊತ್ತಿಲ್ಲಪ್ಪ" ಅಂದೆ.
"ಗೊತ್ತು ಮಾಡ್ಕೊಂಡು ಹೇಳಿ."

ಏಳಕ್ಕೆ ಇನ್ನೂ ಹನ್ನೆರಡು ನಿಮಿಷ.
ಸೈಕಲ್ ತಿರುಗಿಸಿ ಏರಿನ ಬುಡಕ್ಕಿಳಿದೆ,
ಮೊದಲು ಎಡಗಾಲು.