ಕೊಟ್ಟ ಜಾಗ

ಡ್ರೆಸ್ಸಿಂಗ್ ಬಿಚ್ಚಿದ್ದು ಐದನೇ ದಿನ.
ಮಂಡ್ಯದ ದೊಡ್ಡಾಸ್ಪತ್ರೆ, ಹೆಂಗಸರ ವಾರ್ಡು,
ಮಂಚದ ಸುತ್ತ ಆರು ಜನ ಓದೋ ಮಕ್ಕಳು,
ಒಬ್ಬಳ ಕೈಯಲ್ಲಿ ನೋಟ್‌ಬುಕ್ಕು.
ಡಾಕ್ಟರು ಬಗ್ಗಿ ಮೂಸಿದರು, ಆಮೇಲೆ ನೋಡಿದರು.
ನನಗೆ ಆಗಲೇ ತಿಳಿಯಿತು.
ಪಾಕದ ಹದ ಬಲ್ಲವರೂ ಮೊದಲು ಮೂಸುತ್ತಾರೆ.

ಹತ್ತೊಂಬತ್ತಕ್ಕೆ ಬೆಂದ ಕಾಲು ಇದು.
ಆಲೆಮನೆಯಲ್ಲಿ ಕೊಪ್ಪರಿಗೆ ಇಳಿಸುವಾಗ
ಕುದಿಯುವ ಪಾಕ ಮೊಣಕಾಲಿಂದ ಕೆಳಕ್ಕೆ
ಅಂಟಿದ್ದು ಬಿಡಲಿಲ್ಲ.
ವಾಸಿಯಾಯಿತು, ಒಡೆಯಿತು, ವಾಸಿಯಾಯಿತು.
ನಲವತ್ತು ವರ್ಷ ಅದರ ಪಾಡಿಗೆ ಅದು,
ನನ್ನ ಪಾಡಿಗೆ ನಾನು.
ಹೋದ ಕಾರ್ತೀಕದಲ್ಲಿ ಅಂಚು ದಪ್ಪಗಾಗಿ
ಹೂಕೋಸಿನ ಹಾಗೆ ಅರಳಿತು.
ಹಳೇ ಸುಟ್ಟ ಗಾಯದಲ್ಲೂ ಕ್ಯಾನ್ಸರ್ ಮೊಳೆಯುತ್ತದಂತೆ.
ತಂಗಿ ಶಿವನಂಜಿ ನಂಬಲೇ ಇಲ್ಲ:
"ಬೆಲ್ಲ ಬಿದ್ದ ಕಾಲಿಗೆ ಅದ್ಯಾಕೆ ಬತ್ತದೆ?"

ಕೆತ್ತಿ ತೆಗೆದರು, ಅಂಗೈಯಗಲ.
ಮುಚ್ಚಲು ತೊಡೆಯಿಂದ ಚರ್ಮ ಹೆರೆದರು,
ಜರಡಿಯ ಹಾಗೆ ತೂತು ಮಾಡಿ, ಎಳೆದು, ಹಾಸಿದರು.
ಅಡಿಯಲ್ಲಿ ನೀರು ನಿಲ್ಲಬಾರದಂತೆ.
ಇದಕ್ಕೆ ಕಸಿ ಅನ್ನುತ್ತಾರೆ.
ಮಾವಿಗೆ ಕಟ್ಟಿದರೂ ಕಸಿ ಅಂತಲೇ ಅನ್ನುತ್ತೇವೆ,
ಕೈಲಿದ್ದದ್ದು ಕಿತ್ತುಕೊಂಡರೆ ಕಸಿದರು ಅನ್ನುತ್ತೇವೆ.
ತೊಡೆಯನ್ನು ಕೇಳಿದರೆ ಎರಡನೆಯದೇ ಅಂದೀತು.
ಕಾಲಿಗಿಂತ ಅದೇ ಉರಿಯಿತು ರಾತ್ರಿಯೆಲ್ಲ,
ರೋಗ ತನ್ನದಲ್ಲ ಅಂತ.

ಒಂದು ಮಾತು ಯಾರಿಗೂ ಹೇಳಿಲ್ಲ.
ಆ ಚರ್ಮ ಬಿಸಿಲು ಕಂಡದ್ದಲ್ಲ.
ತೀರಿಕೊಂಡ ನಮ್ಮೆಜಮಾನರೂ ದೀಪ ಆರಿಸಿಯೇ ಮುಟ್ಟಿದ್ದರು.
ಈಗದು ಮೊಣಕಾಲ ಕೆಳಗೆ, ಸೀರೆಯಂಚು ಎತ್ತಿದರೆ ಬಯಲಿಗೆ.
ಆರು ಜನ ನೋಡುತ್ತಾರೆ,
ಒಬ್ಬಳು ಬರೆದುಕೊಳ್ಳುತ್ತಾಳೆ.

ನಡುವೆ ಹಿಡಿದಿತ್ತು, ತೆಳು ಗುಲಾಬಿ.
ಕೆಳಗಂಚು ತಳ ಹಿಡಿದ ಪಾಕದಷ್ಟು ಕಪ್ಪು.
ಒತ್ತಿದ ಹತ್ತಿಗೆ ಹಸಿರು ಕೀವು.
"ಕಾಲು ಭಾಗ ಹೋಯಿತು" ಅಂದರು ಡಾಕ್ಟರು.
ಕಾಲೇ ಹೋಯಿತೇನೋ ಅಂತ ಮಂಚ ಹಿಡಿದುಕೊಂಡೆ.
ಹಾಗಲ್ಲಮ್ಮ,
ನಾಲ್ಕರಲ್ಲಿ ಒಂದು.
ಅದಕ್ಕೆ ಇನ್ನೊಂದು ತೊಡೆ ಕೇಳಿದರು.

ಈಗ ಎಂಟು ತಿಂಗಳು.
ಎರಡು ಬಣ್ಣದ ಕಾಲು, ಮೇಲೆ ಬಲೆಯ ಗೆರೆ.
ಕೊಬ್ಬರಿ ಎಣ್ಣೆ ಸವರುತ್ತೇನೆ,
ನವೆಯಾದರೆ ಮೆಲ್ಲಗೆ ತಟ್ಟುತ್ತೇನೆ, ಕೆರೆಯುವ ಹಾಗಿಲ್ಲ.
ಬಿಸಿ, ತಣ್ಣಗೆ ಅದಕ್ಕೆ ಗೊತ್ತಾಗುವುದಿಲ್ಲ,
ಮೀಯುವ ನೀರಿಗೆ ಮೊದಲು ಕೈ ಅದ್ದಬೇಕು.
ನಿನ್ನೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ,
ಗಾಣದ ಕಡೆಯಿಂದ ಬಂದ ನೊಣ
ಅದರ ಮೇಲೆ ಎಷ್ಟು ಹೊತ್ತಿನಿಂದ ಕೂತಿತ್ತೋ,
ಶಿವನಂಜಿ ಹೇಳಿದ ಮೇಲೆ ಓಡಿಸಿದೆ.