ಕಿವಿಯ ಹಿಂದೆ

ಸಾಗರಕ್ಕೆ ಮರಳಿ ಮೂರು ದಿನ.
ದೇವಕಕ್ಕನ ಮೊದಲ ಪ್ರಶ್ನೆ: ಅಲ್ಲಿ ಉಂಡದ್ದೇನು?

ಸೆವಿಲ್ಲಾದ ಬೀದಿಗುಂಟ ಕಿತ್ತಳೆ ಮರ, ಅಕ್ಕಾ.
ಹೊಸ ಹೂವಿನ ನಡುವೆ ಹಳೇ ಹಣ್ಣು
ಉದುರಿ ಕಾರಿನಡಿ ಅಪ್ಪಚ್ಚಿ.
ಕಹಿಯಂತೆ, ಯಾರೂ ಮುಟ್ಟರು.
ಒಂದು ಹೆಕ್ಕಿ ಉಗುರಲ್ಲಿ ಗೀರಿದೆ:
ನಮ್ಮ ಕಂಚಿಕಾಯಿಯ ತಂಗಿ!
ಗೊಜ್ಜು ಮಾಡಿ ಅನ್ನೋಣವೆಂದರೆ
ಗೊಜ್ಜಿಗೆ ಅವರಲ್ಲಿ ಹೆಸರಿಲ್ಲ,
ನನ್ನಲ್ಲಿ ಅವರ ಮಾತಿಲ್ಲ.
ಆಲಿವ್ ಕಾಯನ್ನು ಉಪ್ಪುನೀರಿಗೆ ಹಾಕಿಡುತ್ತಾರೆ
ಅಪ್ಪೆಮಿಡಿಯ ಹಾಗೇ; ಸೊನೆಯ ಘಮ ಮಾತ್ರ ಇಲ್ಲ.

ಪಾಪ, ಅಂದಳು.

ಹಬ್ಬದ ರಾತ್ರಿ ಹೊತ್ತು ತಂದರು ಮರದ ತಾಯಿಯನ್ನು.
ಪರದೆಯಡಿ ಕಾಲುಗಳಷ್ಟೇ ಕಾಣುತ್ತವೆ,
ಮೇಣದ ಬೆಳಕು,
ಕೆನ್ನೆ ಮೇಲೆ ಗಾಜಿನ ಕಣ್ಣೀರು.
ಪಕ್ಕದ ಮುದುಕ ಬಿಕ್ಕಿದ. ನಾನು ಗುಡಿಗಾರ,
ಮರ ಯಾವುದು, ಎಳೆ ಎತ್ತ ಓಡಿದೆ
ಎಂದು ನೋಡುತ್ತ ನಿಂತೆ.
ಮೂಲೆಯಲ್ಲಿ ತಿರುಗುವಾಗ ಮುಸುಕು ಸರಿಯಿತು,
ಕಿವಿಯ ಹಿಂದೆ ಒಂದು ಉಳಿಗುರುತು,
ಉಜ್ಜದೆ ಬಿಟ್ಟದ್ದು.

ಅಪ್ಪ ಬಿಡುತ್ತಿದ್ದ ಜಾಗ ಅದೇ.
"ಗಿರಾಕಿಗೆ ಕಾಣೋದಿಲ್ಲ, ಮರಕ್ಕೆ ನೆನಪಿರಲಿ."

ಆಗ ಬಂತು ನನಗೂ,
ಗಾಜಿನದಲ್ಲ.

ಅದಿರಲಿ, ಆ ಹಣ್ಣು ತಂದ್ಯಾ?
ಇಲ್ಲ ಅಕ್ಕಾ. ಬೀಜ ಇದೆ ಜೇಬಲ್ಲಿ,
ಏಳೋ ಎಂಟೋ.
ತಡೆ, ಗಂಧದ ಪುಡಿ ಮೆತ್ತಿದೆ,
ಊದಿ ಕೊಡುತ್ತೇನೆ.