ಕಾಟು, ರುಜು

ಲೆರ್ವಿಕ್ ಬಂದರಿನ ಎದುರು, ಹಿಂದೆ ಬಲೆ ಹೊಲಿಯುತ್ತಿದ್ದ
ಅಟ್ಟದ ಮೇಲೆ ನನ್ನ ಮೇಜು.
ಕಿಟಕಿ ಮುಚ್ಚಿದರೂ ಗಾಳಿ ಒಳಗೇ ಇರುತ್ತದೆ,
ಬಾಡಿಗೆ ಕೊಡದೆ ಝಂಡಾ ಊರಿದವನ ಹಾಗೆ.

ಕೆಲಸ ಇಷ್ಟೆ:
ಅಂಗಡಿಕಾರ ಹಾಲ್ಕ್ರೋನ ಹನ್ನೊಂದು ಲೆಕ್ಕದ ಪುಸ್ತಕ,
ನೂರೈವತ್ತು ವರ್ಷ ಹಳತು, ಉಪ್ಪಿನ ವಾಸನೆ.
ಪುಟದ ಚಿತ್ರ ಎಡಕ್ಕೆ, ಖಾಲಿ ಚೌಕ ಬಲಕ್ಕೆ.
ಯಾರು ಬೇಕಾದರೂ ಓದಿ ಕಂಡದ್ದನ್ನು ಕಂಡ ಹಾಗೆ ಟೈಪಿಸಬಹುದು.
ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಬಹುದು,
ತಿದ್ದಿದ್ದು ತಪ್ಪೆಂದು ಮೂರನೆಯವರು ಮುನಿಯಬಹುದು.
ಒಂದಕ್ಷರವೂ ಕಳೆಯದ ಹಾಗೆ ಎಲ್ಲವನ್ನೂ ಕಾಪಿಡುವುದು
ನನ್ನ ಪ್ರೋಗ್ರಾಮಿನ ಜವಾಬ್ದಾರಿ.
ಹಣ ಕೇಳಿದ ಅರ್ಜಿಯಲ್ಲಿ ಹಾಗೆಂದೇ ಬರೆದಿದ್ದೆ.

ಬಂದವರು ಇಪ್ಪತ್ತಾರು ಜನ.
ಹಡಗಿನ ಇಂಜಿನ್ನಿಗೆ ಒಂದು ಕಿವಿ ಒಪ್ಪಿಸಿ ಬಂದ ಲೌರಿ,
ದೂರದ ಡುನೆಡಿನ್ನಿನಲ್ಲಿ ರಾತ್ರಿಪಾಳಿಯ ನರ್ಸ್ ಥೋರಾ,
ನಮ್ಮ ಮಧ್ಯಾಹ್ನ ಅವಳ ನಡುರಾತ್ರಿ,
ಯೆಲ್ ದ್ವೀಪದಿಂದ ರೋಡಾ, ಎಂಬತ್ತಮೂರು ವರ್ಷ,
ಬೆರಳು ಸೊಟ್ಟ, ಕಣ್ಣು ಸೂಜಿ.

ಹಾಲ್ಕ್ರೋನದು ಕಾಗೆಕಾಲು ಗುಬ್ಬಿಕಾಲು.
ಒಂದು ಪದ ಟೀಯೋ ಟಾರೋ ಎಂದು
ಲೌರಿಗೂ ಥೋರಾಳಿಗೂ ಒಂಬತ್ತು ದಿನ ಜಟಾಪಟಿ.
ಟೀಯೇ. ಎಲ್ಲಿ ನೋಡಿದರೂ ಟೀಯೇ.
ಚಳಿಗಾಲವಿಡೀ ಹೆಂಗಸರು ಹೆಣೆದ ಶಾಲು,
ಉಂಗುರದೊಳಗೆ ತೂರುವಷ್ಟು ನವಿರು,
ಅದಕ್ಕೆ ಸಿಕ್ಕದ್ದು ಕಾಲು ಪೌಂಡ್ ಟೀ,
ಎರಡು ಗಜ ಚೀಟಿಬಟ್ಟೆ.
ನಗದು ಎಂಬ ಪದ ಹನ್ನೊಂದು ಪುಸ್ತಕದಲ್ಲಿ ಆರೇ ಸಲ.
ಹುಡುಕಿಕೊಟ್ಟದ್ದು ನನ್ನ ಪ್ರೋಗ್ರಾಮು.
ಅವತ್ತು ಬೀಗಿದ್ದೆ.

ಮಾರ್ಚಿಯಲ್ಲಿ ರೋಡಾಳ ಫೋನು:
"ನಮ್ಮಜ್ಜಿಯ ಅಮ್ಮ, ಗಿರ್ಜಿ. ನಾನೇ ಟೈಪಿಸಿದ್ದೆ.
ಹೆಸರಿನ ಪಟ್ಟಿಯಲ್ಲಿ ಇಲ್ಲವಲ್ಲ,
ಎಲ್ಲಿಗೆ ಕಳಿಸಿದೆ ಮಗೂ?"

ವಯಸ್ಸಾಯಿತು, ಪುಟ ಮರೆತಿರಬೇಕು ಅಂದುಕೊಂಡೆ.
ಆದರೂ ತೆಗೆದು ನೋಡಿದೆ.
ಗಿರ್ಜಿ ಇದ್ದಳು. ಎರಡು ಶಾಲು, ಅದೇ ಟೀ,
ಸಾಲಿನ ತುದಿಗೆ, ರುಜುವಿನ ಜಾಗದಲ್ಲಿ,
ಒಂದು ಅಡ್ಡ, ಒಂದು ಓರೆ, ನಡುವೆ ಕೂಡಿದ್ದು.

ಸಾಲಿನ ತುದಿಗೆ ಆ ಗುರುತಿದ್ದರೆ
ಆ ಸಾಲು ಕಾಟು ಹೊಡೆದದ್ದು, ಬಿಟ್ಟುಬಿಡು
ಎಂದು ಪ್ರೋಗ್ರಾಮಿಗೆ ಹೇಳಿಕೊಟ್ಟವರು ಯಾರು?
ಮೊದಲ ವಾರ, ಐದರ ಫೆರಿ ತಪ್ಪೀತೆಂಬ ಗಡಿಬಿಡಿಯಲ್ಲಿ
ನಾನೇ.

ಎಣಿಸಿದೆ. ಇನ್ನೂರ ಹದಿನಾಲ್ಕು ಹೆಂಗಸರು.
ಗಂಡಸರು ಒಂಬತ್ತು.
ಅಕ್ಷರ ಬಾರದವರೆಲ್ಲ ಒಂದೇ ಗುಡಿಸಿಗೆ ಹೊರಕ್ಕೆ.

ಮೇಷ್ಟ್ರು ಹಾಕಿದರೆ ಅದು ತಪ್ಪು,
ಮಗ್ಗಿಯಲ್ಲಿ ಬಂದರೆ ಗುಣಾಕಾರ,
ಗಿರ್ಜಿ ಹಾಕಿದರೆ ಗಿರ್ಜಿ.

ತಿದ್ದಲು ಏಳು ಸಾಲು ಕೋಡು ಸಾಕಾಯಿತು.
ನಿದ್ದೆ ಮಾತ್ರ ಬರಲಿಲ್ಲ.
ಬೆಳಿಗ್ಗೆ ರೋಡಾ ಮತ್ತೆ: "ದೊಡ್ಡದು ಮಾಡಿ ನೋಡು,
ಎಲ್ಲವೂ ಒಂದೇ ಅಲ್ಲ."
ನೋಡಿದೆ. ಗಿರ್ಜಿಯ ಗೆರೆಯ ಕಾಲು ಕೊನೆಗೆ ಒಳಕ್ಕೆ ಮಡಚುತ್ತದೆ,
ಕೊನೆಯ ಹೊಲಿಗೆ ಬಿಚ್ಚದಿರಲೆಂದು ಎಳೆ ಸಿಗಿಸಿದ ಹಾಗೆ.
ಓಸ್ಲಾ ಎಂಬವಳದು ಕಾಗದವನ್ನೇ ತೂತು ಮಾಡಿದೆ.
ಇನ್ನೊಬ್ಬಳದು ನಡುಗಿದೆ, ಪಕ್ಕದಲ್ಲಿ ಎರಡು ಚುಕ್ಕಿ ಶಾಯಿ.

ಇದಕ್ಕೆಲ್ಲ ಕೀಲಿಮಣೆಯಲ್ಲಿ ಅಕ್ಷರವಿಲ್ಲ.
ಒಂದೊಂದನ್ನೂ ಚಿತ್ರದಿಂದ ಕತ್ತರಿಸಿ
ಹೆಸರಿನ ಪಕ್ಕ ಕೂರಿಸಿದೆವು, ಇಪ್ಪತ್ತೇಳು ಜನ, ಮೂರು ವಾರ.
ಲೌರಿ ಒಂದು ಮಾತೂ ಜಗಳವಾಡಲಿಲ್ಲ.

ಬದಲಾವಣೆಗಳ ಕಡತದಲ್ಲಿ ನನ್ನದೂ ಹಾಗೇ ಇದೆ:
ಇಂಥ ದಿನ, ಇಷ್ಟು ಗಂಟೆಗೆ, ಇಂಥವರು
ಇನ್ನೂರಿಪ್ಪತ್ತಮೂರು ಜನರನ್ನು ಕೈಬಿಟ್ಟರು.
ಅಳಿಸುವ ಗುಂಡಿ ಒಂದಿಡಬಹುದಿತ್ತು. ಇಡಲಿಲ್ಲ.

ರೋಡಾ ಕೊನೆಗೊಂದು ಸಾಲು ಕಳಿಸಿದಳು:
"ಗಿರ್ಜಿ ಸಿಕ್ಕಳು. ಕೂಡಿಸಿ ನೋಡಿದೆ,
ಹಾಲ್ಕ್ರೋನಿಂದ ಇನ್ನೂ ಕಾಲು ಪೌಂಡ್ ಟೀ ಬರಬೇಕು.
ಯಾರನ್ನು ಕೇಳಲಿ?"